ಗ್ಲೆನಿಸ್ ಕೊಡಿಸಿದ ಕುರ್ಚಿ

ಪೋರ್ಟ್ ಹ್ಯಾರಲ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ, ಗ್ಲೆನಿಸ್ ಟ್ರೆನರಿಯ ಬಗ್ಗೆ ಒಳ್ಳೆಯ ಮಾತೇ ಬರುತ್ತದೆ. ನನಗೆ ಅದೇ ಸಿಟ್ಟು. ಒಬ್ಬ ಹೆಂಗಸನ್ನು ಒಳ್ಳೆಯವಳು ಎಂದು ಹೇಳಿ ಮುಗಿಸಿಬಿಟ್ಟರೆ, ಅವಳ ಎದೆಯಲ್ಲಿ ಏನು ಕುದಿಯುತ್ತಿದೆ ಎಂದು ಇಣುಕಿ ನೋಡುವ ಕೆಲಸ ತಪ್ಪುತ್ತದಲ್ಲ. ಅವಳ ಕೈಕೆಳಗೆ ನಾನು ಹದಿನಾಲ್ಕು ವರ್ಷ ಅಡುಗೆ ಮಾಡಿದ್ದೇನೆ. ಸೂಪಿಗೆ ಉಪ್ಪು ಹೆಚ್ಚಾದದ್ದಕ್ಕೆ ಅವಳಿಂದ ಬೈಸಿಕೊಂಡಿದ್ದೇನೆ, ನನ್ನ ತಾಯಿ ದೂರದ ನಮ್ಮೂರಲ್ಲಿ ತೀರಿಕೊಂಡ ದಿನ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದೇನೆ. ಆದ್ದರಿಂದ ಹೇಳುವ ಹಕ್ಕು ನನಗಿದೆ.

ನಮ್ಮದು ವೃದ್ಧಾಶ್ರಮ. ದೋಣಿ ನಿಲ್ಲುವ ಜೆಟ್ಟಿಯ ಮೇಲಿನ ದಿಬ್ಬದಲ್ಲಿದ್ದುದರಿಂದ ಊರಿನವರು ಅದನ್ನು ಮೇಲಿನ ಮನೆ ಎನ್ನುತ್ತಿದ್ದರು. ‘ನಮ್ಮಪ್ಪ ಮೇಲಿನ ಮನೆಗೆ ಹೋದ’ ಎಂದು ಯಾರಾದರೂ ಹೇಳಿದರೆ ಹೊಸಬರು ಸತ್ತೇಹೋದ ಎಂದುಕೊಳ್ಳುತ್ತಿದ್ದರು. ಗ್ಲೆನಿಸ್ ಅಲ್ಲಿಗೆ ಬಟ್ಟೆ ಒಗೆಯುವ ಹುಡುಗಿಯಾಗಿ ಸೇರಿದವಳು. ಆಮೇಲೆ ಆರೈಕೆಯವಳಾದಳು, ಕೆಲಸ ಮಾಡುತ್ತಲೇ ನರ್ಸಿಂಗ್ ಓದಿದಳು, ಕೊನೆಗೆ ಇಡೀ ಮನೆಯ ಮೇಲ್ವಿಚಾರಕಿಯಾದಳು. ಗಂಡ ಟ್ರೆವ್‌ಗೆ ಕೆಳಗೆ ಜೆಟ್ಟಿಯ ಹತ್ತಿರ ಗಾಳದ ಹುಳು, ದಾರ, ಐಸು ಮಾರುವ ಅಂಗಡಿ. ಗ್ಲೆನಿಸ್ ಗಟ್ಟಿಮುಟ್ಟಾದ ಹೆಂಗಸು, ಮಾತು ಒರಟು, ಕೈ ಮೆತ್ತಗೆ. ಬೆಳಗಿನ ಟೋಸ್ಟನ್ನು ಕೂತು ತಿಂದದ್ದನ್ನು ನಾನು ನೋಡಿಲ್ಲ.

ಮುದುಕರನ್ನು ನೋಡಿಕೊಳ್ಳುವ ಮನೆಗಳಿಗೆ ಅಲ್ಲಿ ಕಾನೂನು ಬಹಳ. ಯಾರು ಬಿದ್ದರು, ಯಾರ ತೂಕ ಇಳಿಯಿತು, ಯಾರಿಗೆ ಎಷ್ಟು ಹೊತ್ತು ಆರೈಕೆ ಸಿಕ್ಕಿತು, ಎಲ್ಲಕ್ಕೂ ಸರ್ಕಾರಕ್ಕೆ ಉತ್ತರ ಹೇಳಬೇಕು. ತಪಾಸಣೆಯವರು ಹೇಳದೆ ಕೇಳದೆ ಬಂದು ಬಾಗಿಲು ತಟ್ಟುತ್ತಾರೆ. ಉಳಿದ ಕಡೆ ಮೇಲ್ವಿಚಾರಕರು ಇದನ್ನೆಲ್ಲ ಶನಿಕಾಟ ಎಂದುಕೊಳ್ಳುತ್ತಾರಂತೆ. ಗ್ಲೆನಿಸ್ ಹಾಗಲ್ಲ. ಅವಳಿಗೆ ಆ ನಿಯಮಗಳ ಮೇಲೆ ಭಕ್ತಿಯೇ ಇತ್ತು. ವರ್ಷಕ್ಕೊಮ್ಮೆ ನಮ್ಮನ್ನೆಲ್ಲ, ಅಡುಗೆಯವಳಾದ ನನ್ನನ್ನೂ ಸೇರಿಸಿ, ಊಟದ ಕೋಣೆಯಲ್ಲಿ ಕೂರಿಸಿ ಪಾಠ ಹೇಳುತ್ತಿದ್ದಳು.

“ಹಗ್ಗ ಹಾಕಿ ಬಿಗಿದ್ರೆ ಮಾತ್ರ ಕಟ್ಟಿಹಾಕಿದ ಹಾಗೆ ಅಂದ್ಕೋಬೇಡಿ,” ಎನ್ನುತ್ತಿದ್ದಳು. “ಊರುಗೋಲನ್ನ ಕೈಗೆಟುಕದ ಹಾಗೆ ಮೂಲೇಲಿಟ್ರೆ ಅದೂ ಕಟ್ಟಿದ ಹಾಗೇ. ಮಂಚಕ್ಕೆ ಕಂಬಿ ಏರಿಸಿದ್ರೂ ಅಷ್ಟೆ. ಸುಮ್ನೆ ಇರ್ಲಿ ಅಂತ ನಿದ್ದೆ ಮಾತ್ರೆ ಕೊಟ್ರೂ ಅಷ್ಟೆ. ತಗ್ಗಾದ ಕುರ್ಚೀಲಿ ಕೂರಿಸಿ, ಅವ್ರು ಏಳೋಕಾಗ್ದೆ ಒದ್ದಾಡಿದ್ರೂ ಅಷ್ಟೆ. ಡಾಕ್ಟ್ರು ಒಪ್ಪಬೇಕು, ಅವ್ರು ಒಪ್ಪಬೇಕು, ಬೇರೆ ದಾರಿ ಎಲ್ಲಾ ನೋಡಿ ಸೋತಿರಬೇಕು. ಇಲ್ದಿದ್ರೆ ಅದು ತಪ್ಪು. ತಪ್ಪಾದ್ರೆ ಏನು ಮಾಡ್ಬೇಕು?”

“ಸರ್ಕಾರಕ್ಕೆ ತಿಳಿಸ್ಬೇಕು,” ಎಂದು ನಾವು ಶಾಲೆಯ ಮಕ್ಕಳಂತೆ ರಾಗ ಎಳೆಯುತ್ತಿದ್ದೆವು.

“ಮತ್ತೆ?”

“ಅವ್ರ ಎದುರು ಕೂತು, ಏನಾಯ್ತೋ ಹೇಳಿ, ಕ್ಷಮೆ ಕೇಳ್ಬೇಕು.”

“ಹಾಂ. ಅದು ಕಷ್ಟದ್ದು,” ಎಂದು ಅವಳು ಪಾಠ ಮುಗಿಸುತ್ತಿದ್ದಳು.

ಕ್ಲೆಮ್ ಪೆನ್‌ಹಾಲ್ ಮೇಲಿನ ಮನೆಗೆ ಬಂದದ್ದು ಹೆಂಡತಿ ತೀರಿಕೊಂಡ ಮೇಲೆ. ತೆಳ್ಳಗೆ ಉದ್ದಕ್ಕಿದ್ದ ಮುದುಕ. ಬಾರ್ಲಿ ಬೆಳೆದು ಬದುಕಿದವನು, ಆದರೆ ಅವನ ಜೀವವೆಲ್ಲ ಏಡಿ ಹಿಡಿಯುವುದರಲ್ಲಿ. ಅಲ್ಲಿ ಸಮುದ್ರ ಇಳಿದಾಗ ಮೈಲುಗಟ್ಟಲೆ ಮೊಣಕಾಲುದ್ದದ ನೀರು. ಸೊಂಟಕ್ಕೆ ಹಗ್ಗ ಕಟ್ಟಿ ಹಿಂದೆ ಒಂದು ತೊಟ್ಟಿ ತೇಲಿಬಿಟ್ಟುಕೊಂಡು, ಉದ್ದ ಹಿಡಿಯ ಹಲ್ಲುಕುಂಟೆಯಿಂದ ಜೊಂಡಿನ ನಡುವೆ ಕೆದಕುತ್ತಾ ನಡೆಯುತ್ತಾರೆ. ಕ್ಲೆಮ್ ಐದು ವರ್ಷದವನಿದ್ದಾಗಿನಿಂದ ನಡೆದವನು. ಏಡಿ ಸಿಕ್ಕರೆ ನನ್ನ ಅಡುಗೆಮನೆಯ ಹಿಂಬಾಗಿಲಿಗೆ ತಂದು, “ಕುಕ್ಕೀ, ನಿನ್ನ ಕಡೆಯೋರ ಹಾಗೆ ಖಾರ ಹಾಕು. ಗ್ಲೆನಿಸ್‌ಗೆ ಹೇಳ್ಬೇಡ,” ಎನ್ನುತ್ತಿದ್ದ. ಕುಕ್ಕಿ ಎಂದರೆ ನಾನೇ, ಅಡುಗೆಯವಳು. ನನ್ನ ನಿಜ ಹೆಸರು ಅವರ ಯಾರ ನಾಲಿಗೆಗೂ ದಕ್ಕಲಿಲ್ಲ.

ಅವನು ಮೇಲಿನ ಮನೆಗೆ ಬಂದ ಮೇಲೂ ಇಳಿತದ ಹೊತ್ತಿಗೆ ಸರಿಯಾಗಿ ಎದ್ದು ಹೊರಡುತ್ತಿದ್ದ. ಒಂದು ಚಳಿಗಾಲದ ಮಧ್ಯಾಹ್ನ ನೀರಲ್ಲಿ ಎಡವಿ ಬಿದ್ದ. ಎದ್ದು ಬರಲು ತ್ರಾಣವಿಲ್ಲದೆ ಮೊಣಕಾಲೂರಿ ಕುಳಿತಿದ್ದವನನ್ನು ಟ್ರೆವ್ ಅಂಗಡಿಯಿಂದ ನೋಡಿ ಹೊತ್ತು ತಂದ. ತುಟಿ ನೀಲಿಯಾಗಿತ್ತು. ಅವನ ಮಗಳು ರೊಸ್ಲಿನ್ ತನ್ನ ಹೊಲದಿಂದ ಓಡಿ ಬಂದವಳು ಗ್ಲೆನಿಸ್‌ಳ ಕೈ ಹಿಡಿದು, “ಇವ್ರನ್ನ ಆ ನೀರಿಂದ ದೂರ ಇಡು. ಹೇಗೆ ಅಂತ ನಾನು ಕೇಳಲ್ಲ,” ಎಂದಳು.

ಅದಕ್ಕೂ ಕೆಲವು ವರ್ಷದ ಹಿಂದೆ ಐನಾ ಎಂಬ ಮುದುಕಿ ನಮ್ಮ ಮನೆಯಿಂದ ಹೊರಗೆ ನಡೆದುಹೋಗಿ ಉಪ್ಪುನೆಲದ ಕುರುಚಲು ಗಿಡಗಳ ನಡುವೆ ಸತ್ತು ಬಿದ್ದಿದ್ದಳು. ಅವಳನ್ನು ಹುಡುಕಿ ತೆಗೆದವಳು ಗ್ಲೆನಿಸ್. ಆ ಮೇಲೆ ಯಾವ ಬಾಗಿಲು ಕಿರ್ರೆಂದರೂ ಅವಳು ತಿರುಗಿ ನೋಡುವುದನ್ನು ನಾವೆಲ್ಲ ಕಂಡಿದ್ದೆವು. ಬಾಗಿಲಿಗೆ ಬೀಗ ಹಾಕುವ ಹಾಗಿಲ್ಲ. ಕ್ಲೆಮ್‌ನ ಬುದ್ಧಿ ನೆಟ್ಟಗಿತ್ತು, ಬೇಡ ಎಂದರೆ ಕೇಳುವವನಲ್ಲ. ಇನ್ನು ಉಳಿದದ್ದು ಮುದ್ದು ಮಾಡಿ ಒಳಗೆ ಇರಿಸಿಕೊಳ್ಳುವುದು.

ಆ ಊರಲ್ಲಿ ಯಾರಿಗೇ ಕಷ್ಟ ಬಂದರೂ ಪಬ್ಬಿನಲ್ಲಿ ಮಾಂಸದ ತಟ್ಟೆಯ ಲಾಟರಿ ಇಡುತ್ತಾರೆ. ಕಟುಕ ಒಂದು ತಟ್ಟೆ ತುಂಬ ಸಾಸೇಜು, ಕುರಿತೊಡೆ ಜೋಡಿಸಿ ಕೊಡುತ್ತಾನೆ, ಜನ ಚೀಟಿ ಕೊಳ್ಳುತ್ತಾರೆ, ಬಂದ ಹಣ ಆ ಮನೆಗೆ. ಗ್ಲೆನಿಸ್ ಕ್ಲೆಮ್‌ಗಾಗಿ ಲಾಟರಿ ಇಡಿಸಿದಳು. ಫುಟ್‌ಬಾಲ್ ಕ್ಲಬ್ಬಿನವರು ಚೀಟಿ ಕೊಂಡರು, ಚರ್ಚಿನವರು ಕೊಂಡರು, ಕುಡಿಯದವರೂ ಬಂದು ಕೊಂಡರು. ಆ ಹಣದಲ್ಲಿ ಒಂದು ಕುರ್ಚಿ ಬಂತು. ಅಂಥ ಕುರ್ಚಿಯನ್ನು ನಾನು ಸಿನಿಮಾದಲ್ಲೂ ನೋಡಿರಲಿಲ್ಲ. ಕಂದು ಚರ್ಮದ್ದು, ಅಗಲ, ಆಳ. ಕೂತರೆ ಮೈ ಒಳಗಿಳಿದು ಮೊಣಕಾಲು ಎದೆಮಟ್ಟಕ್ಕೆ ಬರುತ್ತಿತ್ತು. ಗುಂಡಿ ಒತ್ತಿದರೆ ಎಬ್ಬಿಸಿ ನಿಲ್ಲಿಸುವ ಕುರ್ಚಿ ಅದೇ ಅಂಗಡಿಯಲ್ಲಿ ಅದೇ ಬೆಲೆಗೆ ಇತ್ತು, ಗ್ಲೆನಿಸ್ ಅದು ಬೇಡ ಎಂದಳಂತೆ. ಟ್ರೆವ್ ಆಮೇಲೆ ನನಗೆ ಹೇಳಿದ್ದು.

ಕ್ಲೆಮ್ ಅದರಲ್ಲಿ ಮೊದಲ ಸಲ ಕೂತಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. “ಸತ್ರೆ ಇದರಲ್ಲೇ ಹೂಳಿ, ಪೆಟ್ಟಿಗೆ ದುಡ್ಡು ಉಳಿಯುತ್ತೆ,” ಎಂದ ಅವನು.

ಅಲ್ಲಿಂದ ಗ್ಲೆನಿಸ್ ಅವನಿಗೆ ವಿಶ್ರಾಂತಿಯ ಹೊತ್ತು ಒಂದನ್ನು ಗೊತ್ತುಮಾಡಿದಳು. ಆ ಹೊತ್ತು ದಿನದಿಂದ ದಿನಕ್ಕೆ ಜರುಗುತ್ತಿತ್ತು. ಇವತ್ತು ಊಟದ ಮುಂಚೆ, ನಾಳೆ ಊಟ ಆದ ಮೇಲೆ, ನಾಡಿದ್ದು ಇನ್ನೂ ತಡ. ಅವನ ಚಹಾವನ್ನೂ ಹಿಂದೆ ಮುಂದೆ ಮಾಡಬೇಕೆಂದು ನನಗೆ ಅಪ್ಪಣೆಯಾಗುತ್ತಿತ್ತು. ಮುದುಕನ ನಿದ್ದೆ ಏರುಪೇರಾಗಿದೆ ಎಂದುಕೊಂಡೆ. ಸಮುದ್ರದ ಇಳಿತ ದಿನಾ ಜರುಗುವ ಹಾಗೇ ಅವನ ವಿಶ್ರಾಂತಿಯೂ ಜರುಗುತ್ತಿದೆ ಎಂದು ಹೊಳೆಯಲು ನಾನು ಆ ತೀರದಲ್ಲಿ ಹುಟ್ಟಿದವಳಲ್ಲ.

ಮೊದಲ ವಾರ ಅವನು ಏಳಲು ನೋಡಿದ. ಮೊಣಕೈ ಊರಿದ, ಜಾರಿದ, ಮತ್ತೆ ಊರಿದ. ಕೂಗಿದರೆ ಇಬ್ಬರು ಬಂದು ತೋಳಿಗೆ ಕೈಕೊಟ್ಟು ಎತ್ತಿ ಗಾಲಿಕುರ್ಚಿಗೆ ಹಾಕುತ್ತಿದ್ದರು. ಬರಬರುತ್ತಾ ಏಳಲು ನೋಡುವುದನ್ನೇ ಬಿಟ್ಟ. ಇಳಿತದ ಹೊತ್ತಿಗೆಂದು ಇದ್ದದ್ದು ಇಡೀ ದಿನಕ್ಕೆ ಬಂತು, ಅವನೇ ಅಲ್ಲಿಂದ ಕದಲುತ್ತಿರಲಿಲ್ಲ. ಒಂದು ದಿನ ತನ್ನ ಹಲ್ಲುಕುಂಟೆಯನ್ನು ಟ್ರೆವ್‌ಗೆ ಕೊಟ್ಟುಬಿಟ್ಟ. ಟ್ರೆವ್ ಬೇಡವೆಂದರೂ ಕೇಳಲಿಲ್ಲ. “ಅಂತೂ ಹೊಂದಿಕೊಂಡ,” ಎಂದು ಗ್ಲೆನಿಸ್ ನಿಟ್ಟುಸಿರಿಟ್ಟಳು. ರೊಸ್ಲಿನ್ ಅವಳಿಗೆ ಕೇಕು ಮಾಡಿ ತಂದಳು.

ಆ ವರ್ಷದ ಪಾಠದಲ್ಲೂ ಊರುಗೋಲು ಬಂತು, ಕಂಬಿ ಬಂತು, ಮಾತ್ರೆ ಬಂತು. ಕುರ್ಚಿಯ ಮಾತು ಬರಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಅವಳಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿದ್ದೂ ಮಾಡಿದಳು ಎಂದರೂ ನಂಬುವುದಿಲ್ಲ. ಮನುಷ್ಯರು ಎಷ್ಟೋ ವಿಷಯವನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಓಡಾಡುತ್ತಾರೆ.

ತಪಾಸಣೆಯವರು ಬಂದದ್ದು ಮುಂದಿನ ಶರತ್ಕಾಲದಲ್ಲಿ, ಇಬ್ಬರು. ಎಲ್ಲ ನೋಡಿದರು. ನನ್ನ ಫ್ರಿಜ್ಜಿನ ಒಳಗೆ ತಲೆ ಹಾಕಿ ನೋಡಿದರು. ಅವರಲ್ಲಿ ಒಬ್ಬ ಹೆಂಗಸು ಕ್ಲೆಮ್‌ನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ನಾನು ಚಹಾ ತಂದಿದ್ದೆ, ಗ್ಲೆನಿಸ್ ಬಾಗಿಲಲ್ಲಿ ನಿಂತಿದ್ದಳು.

“ಇಲ್ಲಿ ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?”

“ನೋಡ್ತಿಲ್ವಾ ಸಿಂಹಾಸನ? ಇಡೀ ಊರು ಮಾಂಸ ತಿಂದು ನಂಗೆ ಕುರ್ಚಿ ಕೊಡಿಸ್ತು.”

ಹೆಂಗಸು ನಕ್ಕಳು. “ಹೊರಗಡೆ ಓಡಾಡ್ತೀರಾ?”

“ಓಡಾಡ್ತಿದ್ದೆ. ಈಗ ಕಾಲು ಹೋಯ್ತಮ್ಮಾ,” ಎಂದ ಕ್ಲೆಮ್. ಮಾತಿನಲ್ಲಿ ದೂರಿರಲಿಲ್ಲ. “ಹೋಗೋದು ಅಂದ್ರೆ ಹೀಗೆ ಅಂತ ಗೊತ್ತಿರ್ಲಿಲ್ಲ. ನಮ್ಮಪ್ಪಂಗೆ ನಿಧಾನಕ್ಕೆ ಹೋದ್ವು, ನಂಗೆ ಒಂದೇ ವಾರದಲ್ಲಿ ಹೋದ್ವು. ಒಂದಿನ ಏಳೋಣ ಅಂತೀನಿ, ಆಗ್ಲಿಲ್ಲ. ನಾಚಿಕೆ ಆಯ್ತು, ಯಾರಿಗೂ ಹೇಳ್ಲಿಲ್ಲ. ಆಮೇಲೆ ಕಿಟಕೀಲೇ ಕೂತು ಸಮುದ್ರಕ್ಕೆ ವಿದಾಯ ಹೇಳಿ ಮುಗಿಸ್ದೆ. ಎಂಬತ್ತೆಂಟು ಆಯ್ತಲ್ಲ, ಸಾಕು.”

ಆ ಹೆಂಗಸು ಅವನ ಕೈ ಸವರಿ, ಎರಡು ಒಳ್ಳೆಯ ಮಾತು ಹೇಳಿ, ಮುಂದಿನ ಕೋಣೆಗೆ ಹೋದಳು. ಕಾಲು ಸೋತ ಮುದುಕರನ್ನು ಅವಳು ದಿನಾ ನೋಡುತ್ತಾಳೆ, ಅವಳಿಗೆ ಅನುಮಾನ ಬರಲು ಏನಿತ್ತು? ನಾನು ತಿರುಗಿ ನೋಡಿದಾಗ ಗ್ಲೆನಿಸ್ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಸಂಜೆಗೆ ಫಲಿತಾಂಶದ ಸುಳಿವು ಸಿಕ್ಕಿತು. ಒಂದು ಕೊರತೆಯೂ ಇಲ್ಲ. ಆರೈಕೆಯ ಹುಡುಗಿಯರು ಕುಣಿದರು. ನಾನು ಸಾಸೇಜ್ ರೋಲು ಬಿಸಿ ಮಾಡಿದೆ. ಗ್ಲೆನಿಸ್ ಎಲ್ಲಿ ಎಂದು ಹುಡುಕಿಕೊಂಡು ಹೋದರೆ ಕ್ಲೆಮ್‌ನ ಕೋಣೆಯಲ್ಲಿ ಅವನೆದುರು ನೆಲದ ಮೇಲೆ ಕೂತಿದ್ದಳು. ಊಟದ ಕೋಣೆಯ ಗಟ್ಟಿ ಮರದ ಕುರ್ಚಿಯೊಂದನ್ನು ತಂದು ಪಕ್ಕದಲ್ಲಿ ಇಟ್ಟುಕೊಂಡಿದ್ದಳು.

“ಕುಕ್ಕೀ, ಬಂದ್ಯಾ? ಆ ಕಡೆ ಹಿಡಿ,” ಎಂದಳು.

ಇಬ್ಬರೂ ಸೇರಿ ಅವನನ್ನು ಕಂದು ಕುರ್ಚಿಯಿಂದ ಎತ್ತಿ ಮರದ ಕುರ್ಚಿಗೆ ಕೂರಿಸಿದೆವು. ಕ್ಲೆಮ್‌ಗೆ ಏನೂ ಅರ್ಥವಾಗಲಿಲ್ಲ.

“ಈಗ ಏಳು ಕ್ಲೆಮ್,” ಎಂದಳು ಗ್ಲೆನಿಸ್.

“ಏನಮ್ಮಾ ಹೀಗೆ ಗೇಲಿ ಮಾಡ್ತೀಯ.”

“ಗೇಲಿ ಅಲ್ಲ. ಕೈ ಊರಿ ಏಳು. ನಾವಿಲ್ಲೇ ಇದೀವಿ.”

ಅವನು ಕುರ್ಚಿಯ ಕೈಗಳನ್ನು ಹಿಡಿದ. ಮುಂದೆ ಬಾಗಿದ. ತೊಡೆ ನಡುಗಿತು, ದವಡೆ ಬಿಗಿಯಿತು, ನಿಂತ. ಸುಲಭಕ್ಕಲ್ಲ, ಆದರೆ ನಿಂತ. ತಲೆ ಬಗ್ಗಿಸಿ ತನ್ನ ಕಾಲುಗಳನ್ನು ತುಂಬ ಹೊತ್ತು ನೋಡಿದ, ಬೇರೆಯವರ ಕಾಲು ನೋಡುವ ಹಾಗೆ.

“ಹಾಗಾದ್ರೆ ಇವು ಇದ್ವು,” ಎಂದ.

ಗ್ಲೆನಿಸ್ ಹೇಳಿದಳು. ಕುರ್ಚಿಯನ್ನು ಯಾಕೆ ಆರಿಸಿದಳು, ಯಾವ ಹೊತ್ತಿಗೆ ಕೂರಿಸುತ್ತಿದ್ದಳು, ಎಲ್ಲ ಹೇಳಿದಳು. ಭಯದಿಂದ ಮಾಡಿದೆ ಎಂದಳು. “ನಿನ್ನನ್ನ ಕಟ್ಟಿಹಾಕಿದೆ ಕ್ಲೆಮ್. ನಿಂಗೆ ಗೊತ್ತಾಗದ ಹಾಗೆ ಕಟ್ಟಿಹಾಕಿದೆ. ತಪ್ಪಾಯ್ತು.” ಕ್ಲೆಮ್ ಮಲಗಬೇಕು ಎಂದಷ್ಟೇ ಹೇಳಿದ.

ಮಾರನೆಯ ಬೆಳಿಗ್ಗೆ ಅವಳು ಸರ್ಕಾರಕ್ಕೆ ತನ್ನ ಮೇಲೆ ತಾನೇ ದೂರು ಕೊಟ್ಟಳು. ಯಾರೂ ಹಿಡಿಯದ ಕಳ್ಳಿ ತಾನೇ ಠಾಣೆಗೆ ನಡೆದಂತಾಯಿತು. ತಪಾಸಣೆಯವರು ಮತ್ತೆ ಬಂದರು, ಪ್ರತಿಯೊಬ್ಬರ ಕುರ್ಚಿ ಮಂಚ ಪರೀಕ್ಷೆಯಾಯಿತು, ಏನೇನು ತಿದ್ದಬೇಕೆಂದು ಆದೇಶ ಬಂತು. ಅವಳು ರಾಜೀನಾಮೆ ಕೊಟ್ಟರೆ ಆಡಳಿತ ಮಂಡಳಿ ಒಪ್ಪಲಿಲ್ಲ, ಆ ಊರಿಗೆ ಬೇರೆ ನರ್ಸು ಎಲ್ಲಿಂದ ಬರಬೇಕು? ಊರಿನವರಿಗೆ ಮಾತ್ರ ಅವಳ ಮೇಲೆ ಕೋಪ ಬಂತು. ಕುರ್ಚಿಯಲ್ಲಿ ಕೂರಿಸಿದ್ದಕ್ಕಲ್ಲ, ದೂರು ಕೊಟ್ಟದ್ದಕ್ಕೆ.

“ನಾವು ಮನಸಾರೆ ಕೊಟ್ಟಿದ್ದು ಕಾಲಿಗೆ ಹಾಕೋ ಬೇಡೀನಾ?” ಎಂದು ಕಟುಕ ಪಬ್ಬಿನಲ್ಲಿ ಗೊಣಗಿದ.

ರೊಸ್ಲಿನ್ ಬಂದು ನನ್ನೆದುರೇ ಕೂಗಾಡಿದಳು. “ನಾನೇ ತಾನೇ ಕೇಳ್ಕೊಂಡಿದ್ದು? ಅಪ್ಪ ಬದುಕಿದಾರೆ, ಬೆಚ್ಚಗಿದಾರೆ. ಯಾರಿಗೆ ಏನು ನಷ್ಟ ಆಯ್ತು ಅಂತ ನೀನು ಹೀಗೆ ಮೈ ಪರಚಿಕೊಳ್ತೀಯ?”

“ಅವನಿಗಾಯ್ತು,” ಎಂದಳು ಗ್ಲೆನಿಸ್.

ಶಿಕ್ಷೆ ಕೊಡುವವರು ಒಬ್ಬರೂ ಸಿಗಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳ ತೂಕ ಇಳಿಯಿತು. ಟೋಸ್ಟನ್ನು ನಿಂತುಕೊಂಡೂ ತಿನ್ನದಾದಳು. ಈಗ ಅವಳಿಗೆ ಒಂದೇ ಹುಚ್ಚು, ಕ್ಲೆಮ್ ಮತ್ತೆ ನೀರಿಗೆ ಇಳಿಯಬೇಕು. ವ್ಯಾಯಾಮ ಮಾಡಿಸುವವಳನ್ನು ಕರೆಸಿದಳು. ಬಿದ್ದರೆ ಬೀಳುತ್ತೇನೆ, ಅದು ನನ್ನಿಷ್ಟ ಎಂದು ಕ್ಲೆಮ್ ಹೇಳುವ ಹಕ್ಕನ್ನು ಕಾನೂನೇ ಕೊಟ್ಟಿದೆ ಎಂದು ರೊಸ್ಲಿನ್‌ಳನ್ನು ಒಪ್ಪಿಸಿದಳು. ಕ್ಲೆಮ್ ಮೊದಲು ಕೋಣೆಯಲ್ಲಿ ನಡೆದ, ಆಮೇಲೆ ಪಡಸಾಲೆಯಲ್ಲಿ, ಕೋಲು ಹಿಡಿದು ಗೇಟಿನ ತನಕ ನಡೆದ. ಆದರೆ ಇಳಿತದ ಹೊತ್ತಿಗೆ ಗ್ಲೆನಿಸ್ ಅವನ ರಬ್ಬರ್ ಬೂಟು ಹಿಡಿದು ಬಾಗಿಲಿಗೆ ಬಂದರೆ, “ಇವತ್ತು ಬೇಡ ಚಿನ್ನಾ,” ಎನ್ನುತ್ತಿದ್ದ.

“ಯಾಕೆ ಕ್ಲೆಮ್? ಕಾಲು ಬಂತಲ್ಲ.”

“ಬಂತು.”

“ಭಯನಾ?”

“ಭಯ ಅಲ್ಲ.”

ಅವಳು ಬಿಡಲಿಲ್ಲ. ಮರುದಿನ ಬಂದಳು, ಅದರ ಮರುದಿನವೂ ಬಂದಳು. ಅವಳು ಹೋದ ಮೇಲೆ ಒಂದು ದಿನ ನಾನೇ ಕೇಳಿದೆ, ಯಾಕೆ ಅವಳನ್ನು ಹೀಗೆ ಸತಾಯಿಸುತ್ತೀಯ ಎಂದು. ನನಗೆ ರೇಗಿತ್ತು. ಕ್ಲೆಮ್ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಹೇಳಿದ: “ನನ್ನ ಹೆಂಡ್ತಿ ಸತ್ತಾಗ ಒಂದ್ಸಲ ಅತ್ತೆ. ಸಮುದ್ರಕ್ಕೆ ಇನ್ನೊಂದ್ಸಲ ಅತ್ತೆ. ಅಲ್ಲೇ ಆ ಕುರ್ಚೀಲಿ ಕೂತು, ಅದು ಮುಗೀತು ಅಂತ ನಂಗೆ ನಾನೇ ಹೇಳಿಕೊಳ್ಳೋಕೆ ಇಡೀ ಬೇಸಿಗೆ ಬೇಕಾಯ್ತು ಕುಕ್ಕೀ. ಈಗ ಹೋದ್ರೆ ಮತ್ತೆ ಒಂದಿನ ಬಿಡ್ಬೇಕಾಗುತ್ತೆ. ಎರಡನೇ ಸಲಕ್ಕೆ ನನ್ನಲ್ಲಿ ಏನೂ ಉಳಿದಿಲ್ಲ.”

ಇದನ್ನು ಗ್ಲೆನಿಸ್‌ಗೆ ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದೆ. ಅವಳು ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು. ಮಾರನೆಯ ದಿನ ಬೂಟು ಹಿಡಿದು ಬರಲಿಲ್ಲ. ಕಚೇರಿಯ ಬಾಗಿಲು ಹಾಕಿಕೊಂಡು ಕೂತಳು. ಕಿಟಕಿಯಲ್ಲಿ ಕಾಣುತ್ತಿತ್ತು, ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಕ್ಲೆಮ್ ಪಡಸಾಲೆಯಲ್ಲಿ ಕೋಲೂರಿಕೊಂಡು ಹೋಗುವಾಗ ಅದನ್ನು ಕಂಡ, ನಿಂತ.

ಮುಂದಿನ ಭಾನುವಾರ ಅವನೇ ಬೂಟು ಹಾಕಿಕೊಂಡು ಅವಳ ಬಾಗಿಲು ತಟ್ಟಿದ. “ಇಳಿತ ಆಗಿದೆ. ಬರ್ತೀಯಾ?”

ಗ್ಲೆನಿಸ್‌ಳ ಮುಖ ನೋಡಬೇಕಿತ್ತು. ಮಗು ಎದ್ದು ನಡೆದದ್ದನ್ನು ಕಂಡ ತಾಯಿಯ ಮುಖ. ಮೂವರೂ ಕೆಳಗೆ ಹೋದೆವು. ಗಾಳಿ ತಣ್ಣಗಿತ್ತು, ಸಮುದ್ರ ದೂರದ ತನಕ ಹಿಂದೆ ಸರಿದು ಮರಳು ಹೊಳೆಯುತ್ತಿತ್ತು. ಆಚೆ ಒಂದಿಬ್ಬರು ಏಡಿ ಕೆದಕುತ್ತಾ ನಡೆಯುತ್ತಿದ್ದರು, ಕ್ಲೆಮ್‌ನನ್ನು ಗುರುತಿಸಿ ಕೈ ಬೀಸಿದರು. ಅವನು ಕೋಲು ಊರಿ ನಿಧಾನವಾಗಿ ಇಳಿದ. ನೀರು ಹಿಮ್ಮಡಿಗೆ ಬಂತು, ಕಣಕಾಲಿಗೆ ಬಂತು. ಗ್ಲೆನಿಸ್ ಅವನನ್ನು ಹಿಡಿಯಲಿಲ್ಲ. ಹಿಡಿಯದಿರಲು ಅವಳು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಿದ್ದಳು.

ಅವನು ನಿಂತ. ಸಮುದ್ರದ ಕಡೆ ಒಮ್ಮೆಯೂ ನೋಡಲಿಲ್ಲ. ತಿರುಗಿ ಅವಳ ಮುಖವನ್ನೇ ನೋಡುತ್ತಾ ನಿಂತ. ಗಾಳಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು, ಅಥವಾ ಗಾಳಿಗಲ್ಲ.

“ಸಾಕಾ ಗ್ಲೆನಿಸ್?” ಎಂದು ಮೆಲ್ಲಗೆ ಕೇಳಿದ. “ನಿಂಗೆ ಸಮಾಧಾನ ಆಯ್ತಾ? ಆಗಿದ್ರೆ ಒಳಗೆ ಹೋಗೋಣ.”

ಅವನು ನೀರಿಗಿಳಿದದ್ದು ಅವಳಿಗಾಗಿ ಎಂದು ಅವಳಿಗೆ ಆಗ ತಿಳಿಯಿತು. ನನಗೂ ತಿಳಿಯಿತು. ಅವಳು ಜೇಬಿನಿಂದ ಕೈ ತೆಗೆದು, ಸಾಕು ಎಂದಳು, ಮತ್ತೆ ಸಾಕು ಎಂದಳು. ಅವನ ಪಕ್ಕದಲ್ಲಿ ದಿಬ್ಬ ಹತ್ತಿ ಮನೆಗೆ ಬಂದು ಅವನ ಬೂಟಿನ ಮರಳು ತೊಳೆದಳು.